ಜ್ವರದ ಮಗುವಿನ ಮೈ ತಣಿಸಲು ಯಾವುದು ಸರಿ? ಒದ್ದೆ ಬಟ್ಟೆ, ಫ್ಯಾನು, ಐಸು, ಜೆಲ್ ಪಟ್ಟಿ ಎಲ್ಲವನ್ನೂ ತೂಗಿ ನೋಡೋಣ

ಮಳೆಗಾಲ ಹಿಡಿದರೆ ಸಾಕು, ನಮ್ಮ ಮಕ್ಕಳ ವಾರ್ಡಿನಲ್ಲಿ ರಾತ್ರಿ ಪಾಳಿ ಅಂದರೆ ಜ್ವರದ ಪಾಳಿ. ಹನ್ನೊಂದು ವರ್ಷದಿಂದ ಅಲ್ಲಿ ನರ್ಸ್ ಆಗಿದ್ದೇನೆ. ರಾತ್ರಿ ಎರಡು ಗಂಟೆಗೆ ಬಾಗಿಲಲ್ಲಿ ಕಾಣಿಸುವ ಮಕ್ಕಳು ಸಾಮಾನ್ಯವಾಗಿ ಎರಡು ಥರ. ಒಂದು ಮಗು ಕುಲಾವಿ, ಸ್ವೆಟರ್, ಕಾಲುಚೀಲ ಹಾಕಿಕೊಂಡು ಮೇಲೊಂದು ದಪ್ಪ ಕಂಬಳಿಯೊಳಗೆ ಬೆಂದು ಹೋಗುತ್ತಿರುತ್ತದೆ. ಇನ್ನೊಂದು ಮಗು ಬರಿಮೈಯಲ್ಲಿ, ಫ್ರಿಜ್ ನೀರಿನಲ್ಲಿ ಅದ್ದಿದ ಟವೆಲ್ ಸುತ್ತಿಕೊಂಡು, ತುಟಿ ಅದುರಿಸುತ್ತಾ ಅಪ್ಪನ ತೋಳಲ್ಲಿ ನಡುಗುತ್ತಿರುತ್ತದೆ. ಎರಡು ಮನೆಯವರೂ ಕೈಲಾದದ್ದನ್ನೇ ಮಾಡಿದ್ದಾರೆ. ಆದರೆ ಎರಡೂ ಮಕ್ಕಳಿಗೆ ಕಷ್ಟವೇ ಆಗಿದೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಮಾಡುವ ಒಂದೊಂದು ಉಪಾಯವನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ.

ಅದಕ್ಕೂ ಮುಂಚೆ ಒಂದು ವಿಷಯ ಮನಸ್ಸಿಗೆ ಬರಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಬಾಯಿಪಾಠ ಆಗುತ್ತದೆ. ಮೈಯ ಶಾಖ ಎಷ್ಟಿರಬೇಕು ಅಂತ ತೀರ್ಮಾನ ಮಾಡುವುದು ಮೆದುಳಿನ ಒಂದು ಪುಟ್ಟ ಭಾಗ. ಸೋಂಕು ತಗುಲಿದಾಗ ಆ ಭಾಗವೇ ಶಾಖವನ್ನು ಬೇಕೆಂದು ಏರಿಸುತ್ತದೆ. "102ಕ್ಕೆ ಹೋಗಬೇಕು" ಅಂತ ಅಲ್ಲಿಂದ ಅಪ್ಪಣೆಯಾದರೆ ಮೈ ಅಲ್ಲಿಗೆ ಮುಟ್ಟುವ ತನಕ ಬಿಡುವುದಿಲ್ಲ. ಕೈಕಾಲಿನ ರಕ್ತನಾಳ ಬಿಗಿದುಕೊಳ್ಳುತ್ತವೆ, ಚಳಿ ಹಿಡಿಯುತ್ತದೆ, ಮಗು ನಡುಗುತ್ತದೆ. ನಮ್ಮೂರ ಬಚ್ಚಲಿನ ಹಂಡೆ ನೆನಪು ಮಾಡಿಕೊಳ್ಳಿ. ಕೆಳಗೆ ಉರಿ ಹಾಗೇ ಇದೆ, ನೀವು ಮೇಲಿಂದ ತಂಬಿಗೆ ತಂಬಿಗೆ ತಣ್ಣೀರು ಸುರಿಯುತ್ತಿದ್ದೀರಿ. ಒಂದು ಗಳಿಗೆ ತಣ್ಣಗಾಗುತ್ತದೆ, ಮತ್ತೆ ಕಾಯುತ್ತದೆ. ಮಗುವಿನ ಮೈಯಲ್ಲಂತೂ ಇನ್ನೂ ಒಂದು ಹೆಜ್ಜೆ ಮುಂದೆ, ತಣ್ಣೀರು ಬಿದ್ದಷ್ಟೂ ಮೈ ತಾನೇ ಒಲೆಗೆ ಇನ್ನೆರಡು ಸೌದೆ ಒಟ್ಟುತ್ತದೆ. ಪ್ಯಾರಸಿಟಮಾಲ್ ಮಾಡುವ ಕೆಲಸ ಬೇರೆ. ಅದು ಸೌದೆಯನ್ನೇ ಈಚೆಗೆ ಎಳೆಯುತ್ತದೆ, ಅಂದರೆ ಮೆದುಳಿನ ಆ ಅಪ್ಪಣೆಯನ್ನೇ ಕೆಳಗಿಳಿಸುತ್ತದೆ.

ಇದು ನನಗೆ ಪುಸ್ತಕದಲ್ಲಿ ಗೊತ್ತಿತ್ತು. ನಿಜವಾಗಿ ಅರ್ಥವಾದದ್ದು ಮಾತ್ರ ನನ್ನ ಮಗಳಿಗೆ ಒಂದೂವರೆ ವರ್ಷವಿದ್ದಾಗ. ಡಿಸೆಂಬರ್ ತಿಂಗಳು, ಮಲೆನಾಡಿನ ಚಳಿ, ರಾತ್ರಿ ಒಂದು ಗಂಟೆ. ಕಂಕುಳಲ್ಲಿ 103 ತೋರಿಸಿತು. ನರ್ಸಿಂಗ್ ಓದಿದವಳೇ, ಆದರೂ ಕೈಕಾಲು ಬಿದ್ದುಹೋದವು. ನಲ್ಲಿಯ ನೀರನ್ನೇ ಬೋಗುಣಿಗೆ ಹಿಡಿದು ಮೈಯೆಲ್ಲ ಒರೆಸಿದೆ. ತೋಳಿನ ರೋಮವೆಲ್ಲ ಎದ್ದು ನಿಂತವು, ಉಗುರಿನ ಬುಡ ನೀಲಿ ತಿರುಗಿತು, ಕೂಗಿ ಕೂಗಿ ಅವಳ ದನಿ ಬಿತ್ತು. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ 103.6. ಇಳಿದಿಲ್ಲ, ಏರಿದೆ. ಆ ರಾತ್ರಿಯ ಅವಳ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಎಷ್ಟಿದ್ದರೆ ಜ್ವರ?

100.4 ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್. ಕಂಕುಳಲ್ಲಿ ನೋಡಿದರೆ ಒಳಗಿನ ಶಾಖಕ್ಕಿಂತ ಅರ್ಧ, ಒಂದು ಡಿಗ್ರಿ ಕಮ್ಮಿಯೇ ತೋರಿಸುತ್ತದೆ. ಹಣೆ ಮುಟ್ಟಿ ಹೇಳುವುದನ್ನು ನಂಬಬೇಡಿ, ಒಂದು ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿರಲಿ. ಆದರೆ ಅಂಕಿಯ ಹಿಂದೆಯೇ ಬೀಳಬೇಡಿ. 102 ಇದ್ದರೂ ಆಟವಾಡುತ್ತಾ ನೀರು ಕುಡಿಯುತ್ತಿರುವ ಮಗುವಿಗಿಂತ, 100.8 ಇದ್ದು ಮಂಕಾಗಿ ಮಲಗಿ ಕಣ್ಣೇ ಬಿಡದ ಮಗು ನನಗೆ ಜಾಸ್ತಿ ಭಯ ಹುಟ್ಟಿಸುತ್ತದೆ. ಮೈ ತಣಿಸುವ ಯಾವ ಉಪಾಯಕ್ಕಾದರೂ ನಾನು ಹಾಕುವ ಅಳತೆ ಒಂದೇ: ಇದರಿಂದ ಮಗುವಿಗೆ ಹಾಯೆನಿಸುತ್ತಿದೆಯಾ?

ಬಟ್ಟೆ ಮತ್ತು ಗಾಳಿ: ಮೊದಲು ಮಾಡಬೇಕಾದ್ದು

ಕಾಸು ಖರ್ಚಿಲ್ಲ, ಅಪಾಯವಿಲ್ಲ, ಮಗುವೂ ಅಳುವುದಿಲ್ಲ. ಎಲ್ಲದಕ್ಕಿಂತ ಮೊದಲ ಸ್ಥಾನ ಇದಕ್ಕೆ. ಸ್ವೆಟರ್, ಕುಲಾವಿ, ಕಾಲುಚೀಲ ತೆಗೆಯಿರಿ. ಒಂದು ಪದರ ತೆಳು ಹತ್ತಿ ಬಟ್ಟೆ ಸಾಕು. ಎಳೆಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಶಾಖ ಅಲ್ಲಿಂದ ಚೆನ್ನಾಗಿ ಹೊರಗೆ ಹೋಗುತ್ತದೆ. ಕುಲಾವಿ ಹಾಕಿದರೆ ಆ ದಾರಿಯನ್ನೇ ಮುಚ್ಚಿದಂತೆ.

ಇಲ್ಲಿ ಅಜ್ಜಿಯಂದಿರ ಜೊತೆ ಸ್ವಲ್ಪ ಮಾತಾಡಬೇಕಾಗುತ್ತದೆ. "ಬೆವರು ಬಿಟ್ಟರೆ ಜ್ವರ ಬಿಡುತ್ತೆ ಸಿಸ್ಟರ್, ಅದಕ್ಕೇ ಹೊದಿಸಿದ್ದು" ಅನ್ನುತ್ತಾರೆ. ಅವರು ಕಂಡದ್ದು ನಿಜ. ಜ್ವರ ಬಿಡುವಾಗ ಬೆವರು ಬರುತ್ತದೆ. ಆದರೆ ಬೆವರು ಬಂದದ್ದಕ್ಕೆ ಜ್ವರ ಬಿಟ್ಟಿದ್ದಲ್ಲ, ಮೆದುಳು ಅಪ್ಪಣೆ ಇಳಿಸಿದ್ದಕ್ಕೆ ಮೈ ಬೆವರಿದ್ದು. ಕಂಬಳಿ ಹೊದಿಸಿ ಬೆವರು ಬರಿಸಿದರೆ ಮೈಯ ನೀರು ಹೋಗುತ್ತದೆ, ಶಾಖ ಮಾತ್ರ ಒಳಗೇ ಉಳಿಯುತ್ತದೆ. "ಅಜ್ಜಿ, ಕಂಬಳಿ ಬೇಡ, ನಿಮ್ಮ ಹಳೇ ಹತ್ತಿ ಸೀರೆ ಇದ್ದರೆ ಅದನ್ನ ಒಂದು ಪದರ ಹೊದಿಸಿ" ಅಂದರೆ ಬಹಳ ಜನ ಖುಷಿಯಿಂದ ಒಪ್ಪುತ್ತಾರೆ.

ಹಾಗಂತ ಬರಿಮೈ ಮಾಡಿ ಮಲಗಿಸುವುದೂ ಸರಿಯಲ್ಲ. ಚಿಕಿತ್ಸೆ ಹೇಗಿರಬೇಕೆಂದು ಡಾಕ್ಟರರಿಗೆ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ, ಜ್ವರದ ಮಗುವಿಗೆ ತೀರಾ ಕಡಿಮೆ ಬಟ್ಟೆಯೂ ಬೇಡ, ಅತಿಯಾಗಿ ಸುತ್ತುವುದೂ ಬೇಡ. ಜ್ವರ ಏರುತ್ತಿರುವಾಗ ಕೈಕಾಲು ತಣ್ಣಗಿದ್ದು ಮಗು ನಡುಗುತ್ತಿದ್ದರೆ ತೆಳು ಹೊದಿಕೆ ಹಾಕಿ, ಎತ್ತಿಕೊಳ್ಳಿ. ನಡುಕ ನಿಂತು ಕೈಕಾಲು ಬೆಚ್ಚಗಾದ ಮೇಲೆ ಹೊದಿಕೆ ತೆಗೆಯಿರಿ. ಸೀಲಿಂಗ್ ಫ್ಯಾನ್ ಸಣ್ಣಗೆ ತಿರುಗಲಿ, ಕಿಟಕಿ ತೆರೆದಿರಲಿ. ಟೇಬಲ್ ಫ್ಯಾನನ್ನು ನೇರ ಮುಖಕ್ಕೆ ಇಡುವುದು ಬೇಡ. ಎಸಿ ಇರುವ ಮನೆಯಲ್ಲಿ ಎಸಿ ಹಾಕಬಹುದು, ದೊಡ್ಡವರಿಗೆ ಹಿತವೆನಿಸುವಷ್ಟು ತಂಪು ಮಗುವಿಗೂ ಸಾಕು.

ಸ್ಪಾಂಜಿಂಗ್: ಉಪಯೋಗವಿದೆ, ಆದರೆ ಎರಡನೇ ಸ್ಥಾನ

ಜನ ಅತಿ ಹೆಚ್ಚು ಮಾಡುವುದು ಇದನ್ನೇ, ತಪ್ಪಾಗುವುದೂ ಇದರಲ್ಲೇ. ಸ್ಪಾಂಜಿಂಗ್ ಅಂದರೆ ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಮೈ ಒರೆಸುವುದು. ನೀರು ತಣ್ಣಗಿದ್ದರೆ ಜ್ವರ ಬೇಗ ಇಳಿಯುತ್ತದೆ ಅಂದುಕೊಳ್ಳುತ್ತಾರೆ. ಇಲ್ಲಿ ಕೆಲಸ ಮಾಡುವುದು ನೀರಿನ ತಂಪಲ್ಲ, ನೀರು ಆರುವುದು. ಚರ್ಮದ ಮೇಲಿಂದ ಒಂದು ಗ್ರಾಂ ನೀರು ಆವಿಯಾಗಿ ಹೋಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಮೈಯಿಂದ ಎಳೆದುಕೊಂಡು ಹೋಗುತ್ತದೆ. ಮಡಕೆಯ ನೀರು ತಣ್ಣಗಾಗುತ್ತದಲ್ವಾ, ಅದೇ ಲೆಕ್ಕ. ಉಗುರುಬೆಚ್ಚಗಿನ ನೀರಾದರೆ ಚರ್ಮದ ರಕ್ತನಾಳ ಬಿಗಿದುಕೊಳ್ಳುವುದಿಲ್ಲ, ಒಳಗಿನ ಶಾಖ ಹೊರಗೆ ಬರುವ ದಾರಿ ತೆರೆದೇ ಇರುತ್ತದೆ.

ಇದರಿಂದ ಇನ್ನೊಂದು ಮಾತೂ ತಿಳಿಯುತ್ತದೆ. ಒದ್ದೆ ಟವೆಲ್ಲನ್ನು ಮೈಗೆ ಸುತ್ತಿ ಬಿಟ್ಟರೆ ಪ್ರಯೋಜನವಿಲ್ಲ. ಐದು ನಿಮಿಷದಲ್ಲಿ ಟವೆಲ್ಲೇ ಬೆಚ್ಚಗಾಗಿ ಇನ್ನೊಂದು ಹೊದಿಕೆಯಾಗುತ್ತದೆ. ಮಳೆಗಾಲದಲ್ಲಿ, ಕರಾವಳಿಯ ಸೆಕೆಯಲ್ಲಿ, ಗಾಳಿಯಾಡದ ಕೋಣೆಯಲ್ಲಿ ಸ್ಪಾಂಜಿಂಗ್ ಅಷ್ಟಾಗಿ ನಾಟದಿರುವುದಕ್ಕೂ ಇದೇ ಕಾರಣ, ನೀರು ಆರುವುದೇ ಇಲ್ಲ.

ಪರಿಣಾಮ ಎಷ್ಟು? ಕಾಕ್ರೇನ್ ಅಂದರೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿ ನೋಡುವ ಸಂಸ್ಥೆ. ಅದರ 2003ರ ವಿಮರ್ಶೆ 467 ಮಕ್ಕಳ ಮೇಲಿನ ಏಳು ಅಧ್ಯಯನಗಳನ್ನು ಒಟ್ಟಿಗೆ ನೋಡಿತ್ತು. ಜ್ವರದ ಔಷಧಿಯ ಜೊತೆ ಸ್ಪಾಂಜಿಂಗ್ ಮಾಡಿದರೆ ಸ್ವಲ್ಪ ಉಪಯೋಗ ಕಾಣುತ್ತದೆ, ಆದರೆ ನಡುಕ, ರೋಮ ನಿಮಿರುವುದು ಸ್ಪಾಂಜಿಂಗ್ ಮಾಡಿದ ಮಕ್ಕಳಲ್ಲೇ ಜಾಸ್ತಿ ಅಂತ ಅದರಲ್ಲಿದೆ. ನೈಸ್ ಮಾರ್ಗಸೂಚಿಯಂತೂ ಜ್ವರಕ್ಕೆ ಸ್ಪಾಂಜಿಂಗ್ ಬೇಡವೆಂದೇ ಹೇಳುತ್ತದೆ. ನಮ್ಮಲ್ಲಿ ಇವತ್ತಿಗೂ ಎಷ್ಟೋ ಡಾಕ್ಟರು ಮಾಡಿ ಅನ್ನುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಜ್ವರ 102ರ ಮೇಲಿದೆ, ಔಷಧಿ ಕೊಟ್ಟಾಗಿದೆ, ಮಗು ಸೆಕೆಯಿಂದ ರಚ್ಚೆ ಹಿಡಿದಿದೆ ಅನ್ನುವಾಗ ಮಾಡಿ. ಮಗು ನಿದ್ದೆ ಮಾಡುತ್ತಿದ್ದರೆ ಎಬ್ಬಿಸಿ ಮಾಡಬೇಡಿ. ನಿದ್ದೆ ಅದಕ್ಕಿಂತ ದೊಡ್ಡದು.

ಮಾಡುವ ರೀತಿ ಹೀಗೆ. ಪ್ಯಾರಸಿಟಮಾಲ್ ಕೊಟ್ಟು ಅರ್ಧ ಗಂಟೆ ಬಿಡಿ. ಆಗ ಉರಿ ಇಳಿಯಲು ಶುರುವಾಗಿರುತ್ತದೆ, ಮೈ ಎದುರು ಬೀಳುವುದಿಲ್ಲ. ನೀರು ನಿಮ್ಮ ಮುಂಗೈ ಒಳಮೈಗೆ ಹಾಕಿದರೆ ತಣ್ಣಗೂ ಅಲ್ಲ, ಬಿಸಿಯೂ ಅಲ್ಲ ಅನ್ನುವ ಹಾಗಿರಲಿ. ಹಳೇ ಪಂಚೆಯ ಮೆತ್ತನೆ ತುಂಡು ಇದಕ್ಕೆ ಬಹಳ ಒಳ್ಳೆಯದು. ಕುತ್ತಿಗೆ, ಕಂಕುಳು, ತೊಡೆಸಂದು, ಎದೆ, ಬೆನ್ನು, ಕೈಕಾಲು ಒರೆಸಿ, ಒರೆಸಿದ ಜಾಗವನ್ನು ಹಾಗೇ ಆರಲು ಬಿಡಿ, ಒಣಬಟ್ಟೆಯಿಂದ ಒತ್ತಿ ಒರೆಸಬೇಡಿ. ಹತ್ತು ಹದಿನೈದು ನಿಮಿಷ ಸಾಕು. ಮಗು ನಡುಗಿದರೆ, ರೋಮ ಎದ್ದರೆ, ತಡೆಯಲಾಗದೆ ಅತ್ತರೆ ಅಲ್ಲಿಗೇ ನಿಲ್ಲಿಸಿ. "ಇನ್ನೊಂದು ಡಿಗ್ರಿ ಇಳಿಯಲಿ" ಅಂತ ಮುಂದುವರಿಸಬೇಡಿ.

ಸ್ನಾನವೂ ಇದೇ ಲೆಕ್ಕದ್ದು. ಜ್ವರದಲ್ಲಿ ತಲೆಗೆ ನೀರು ತಾಗಿದರೆ ನ್ಯುಮೋನಿಯಾ ಆಗುತ್ತದೆ ಅನ್ನುವುದು ನಿಜವಲ್ಲ. ನೀರು ಕಂಡರೆ ಖುಷಿಪಡುವ ಮಗುವಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಕೂರಿಸಬಹುದು.

ಹಣೆಪಟ್ಟಿಯೋ, ಜೆಲ್ ಪಟ್ಟಿಯೋ?

ಹಣೆಯ ಮೇಲಿನ ಒದ್ದೆ ಬಟ್ಟೆ ಇಡೀ ಮೈಯ ಶಾಖ ಇಳಿಸುವುದಿಲ್ಲ, ಹಣೆ ಅಷ್ಟು ಚಿಕ್ಕ ಜಾಗ. ಆದರೆ ತಲೆನೋವಿಗೆ ಹಿತ, ಅಮ್ಮನ ಕೈ ಹಣೆಯ ಮೇಲಿರುವುದೇ ಮಗುವಿಗೆ ಸಮಾಧಾನ. ಮಾಡಿ, ಜ್ವರ ಇಳಿಯಲಿಲ್ಲವೆಂದು ಗಾಬರಿಯಾಗಬೇಡಿ.

ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಜೆಲ್ ಪಟ್ಟಿಯೂ ಮಾಡುವುದು ಅಷ್ಟೇ ಕೆಲಸ, ದುಡ್ಡು ಮಾತ್ರ ಬೇರೆ. ಎಷ್ಟೋ ಪಟ್ಟಿಗಳಲ್ಲಿ ಮೆಂಥಾಲ್ ಇರುತ್ತದೆ. ಅದು ತಣ್ಣಗಿದೆ ಅನ್ನುವ ಭಾವನೆ ಕೊಡುತ್ತದೆ, ಅಷ್ಟೇ. ಕೂಸುಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಬೆವರಿಗೆ ಪಟ್ಟಿ ಜಾರಿ ಮೂಗು ಬಾಯಿ ಮುಚ್ಚಬಹುದು, ಎಳೆಗೂಸಿಗೆ ಅದನ್ನು ಕಿತ್ತುಹಾಕಲು ಬರುವುದಿಲ್ಲ. ದೊಡ್ಡ ಮಗು ತಾನೇ ಕೇಳಿದರೆ ಹಚ್ಚಿ. ಕೂಸಿಗೆ ಬೇಡ, ಅದರಲ್ಲೂ ನೀವೂ ನಿದ್ದೆಗೆ ಜಾರುವ ರಾತ್ರಿ ಹೊತ್ತು ಖಂಡಿತ ಬೇಡ.

ಪಾದಕ್ಕೆ ಈರುಳ್ಳಿ ಕಟ್ಟುವುದು, ನೆತ್ತಿಗೆ ಹರಳೆಣ್ಣೆ ಹಾಕುವುದು? ಇವುಗಳಿಂದ ಜ್ವರ ಇಳಿಯುವುದಿಲ್ಲ. ಅವನ್ನೇ ನಂಬಿ ಹೊತ್ತು ಕಳೆಯಬೇಡಿ.

ಬೇಡವೇ ಬೇಡ

ಐಸು, ಫ್ರಿಜ್ ನೀರು ಯಾಕೆ ಬೇಡ ಅನ್ನುವುದು ಹಂಡೆಯ ಮಾತಿನಲ್ಲೇ ಬಂತು. ಸ್ಪಿರಿಟ್, ಕೊಲೋನ್, ಸ್ಯಾನಿಟೈಸರ್ ವಿಷಯ ಅದಕ್ಕಿಂತ ಗಂಭೀರ. ಹಿಂದಿನವರು ಕೊಲೋನ್ ಹಾಕಿದ ನೀರಿನ ಪಟ್ಟಿ ಹಣೆಗಿಡುತ್ತಿದ್ದರು, ಈಗ ಕೆಲವರು ಕೈಗೆ ಸಿಕ್ಕ ಸ್ಯಾನಿಟೈಸರನ್ನೇ ಮೈಗೆ ಸವರುತ್ತಾರೆ. ಮಕ್ಕಳ ಚರ್ಮ ತೆಳು. ಇವುಗಳಲ್ಲಿರುವ ಆಲ್ಕೋಹಾಲ್ ಚರ್ಮದಿಂದಲೂ ಒಳಗೆ ಹೋಗುತ್ತದೆ, ಆವಿ ಉಸಿರಿನಿಂದಲೂ ಹೋಗುತ್ತದೆ. ರಕ್ತದ ಸಕ್ಕರೆ ಕುಸಿದು ಮಗು ಎಚ್ಚರ ತಪ್ಪಬಹುದು.

ಕರ್ಪೂರವೂ ಅಷ್ಟೇ. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಎದೆಗೆ ಹಚ್ಚುವುದು ಎಷ್ಟೋ ಮನೆಯ ರೂಢಿ. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ವಿಷ, ಫಿಟ್ಸ್ ಬರಿಸುವ ವಿಷ. ಜ್ವರದ ಮಗುವಿಗೆ ಫಿಟ್ಸ್ ಬಂದರೆ ಎಲ್ಲರೂ ಜ್ವರವನ್ನೇ ದೂರುತ್ತಾರೆ, ಕರ್ಪೂರ ಯಾರಿಗೂ ನೆನಪಾಗುವುದಿಲ್ಲ.

ಇಷ್ಟಕ್ಕೂ ಔಷಧಿಯ ಜೊತೆ ಹೋಲಿಸಿದರೆ?

ಜ್ವರದಿಂದ ಮಗು ನರಳುತ್ತಿದ್ದರೆ ಪ್ಯಾರಸಿಟಮಾಲ್ ಮುಂದೆ ಮೇಲಿನ ಯಾವುದೂ ನಿಲ್ಲುವುದಿಲ್ಲ. ಆದರೆ ಅಳತೆ ತಪ್ಪುವುದು ಇಲ್ಲೇ. ಅಳತೆ ಹಾಕುವುದು ವಯಸ್ಸಿಗಲ್ಲ, ತೂಕಕ್ಕೆ: ಒಂದು ಕಿಲೋಗೆ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆ ಅಂತರ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಡ. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ ಆಯಿತು. ಈಗ ಬಾಟಲಿ ತಿರುಗಿಸಿ ಚೀಟಿ ಓದಿ. 5 ಎಂಎಲ್‌ಗೆ 120 ಅಂತ ಇರುವ ಸಿರಪ್ ಆದರೆ ಆರೂ ಕಾಲು ಎಂಎಲ್. 5 ಎಂಎಲ್‌ಗೆ 250 ಅಂತ ಇದ್ದರೆ ಮೂರೇ ಎಂಎಲ್. ಒಂದು ಎಂಎಲ್‌ಗೆ 100 ಇರುವ ಡ್ರಾಪ್ಸ್ ಆದರೆ ಒಂದೂವರೆ ಎಂಎಲ್. ಹೋದ ಸಲ ಆರು ಎಂಎಲ್ ಕೊಟ್ಟಿದ್ದೆವು ಅಂತ 250ರ ಬಾಟಲಿಯಿಂದಲೂ ಅಷ್ಟೇ ಕೊಟ್ಟರೆ ಎರಡರಷ್ಟು ಹೋಯಿತು. ಅಡುಗೆಮನೆ ಚಮಚ ಬೇಡ, ಬಾಟಲಿ ಜೊತೆ ಬಂದ ಅಳತೆ ಮುಚ್ಚಳ ಅಥವಾ ಸಿರಿಂಜ್ ಬಳಸಿ. ನಿಮ್ಮ ಮಗುವಿನ ಅಳತೆಯನ್ನು ಡಾಕ್ಟರ ಹತ್ತಿರ ಒಮ್ಮೆ ಬರೆಸಿಟ್ಟುಕೊಳ್ಳಿ, ತೂಕ ಏರಿದ ಹಾಗೆ ಮತ್ತೆ ಕೇಳಿ.

ಆಸ್ಪಿರಿನ್ ಮಕ್ಕಳಿಗೆ ಕೊಡಬಾರದು. ನಿಮೆಸುಲೈಡ್ ಅನ್ನುವ ಜ್ವರದ ಔಷಧಿಯನ್ನು ಹನ್ನೆರಡು ವರ್ಷದೊಳಗಿನವರಿಗೆ ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ. ಡೆಂಗಿ ಇರಬಹುದು ಅನ್ನುವ ಅನುಮಾನವಿದ್ದರೆ ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್ ಅನ್ನುವ ಜ್ವರ, ನೋವಿನ ಔಷಧಿಗಳೂ ಬೇಡ, ರಕ್ತಸ್ರಾವದ ಅಪಾಯ.

ನೀರು, ಗಂಜಿ, ಎಳನೀರು, ಮಜ್ಜಿಗೆ, ಓಆರ್‌ಎಸ್ ಯಾವುದಾದರೂ ಸರಿ, ಎರಡೆರಡು ಗುಟುಕು ಕೊಡುತ್ತಲೇ ಇರಿ. ಎದೆಹಾಲು ಕುಡಿಯುವ ಕೂಸಿಗೆ ಮತ್ತೆ ಮತ್ತೆ ಹಾಲೂಡಿಸಿ. ಊಟ ಒಂದು ದಿನ ಬಿಟ್ಟರೆ ಚಿಂತೆಯಿಲ್ಲ.

ಫಿಟ್ಸ್ ಭಯ

ಜನ ಐಸು ಹಿಡಿದು ಓಡಾಡುವುದು ಈ ಭಯಕ್ಕೇ. ಆರು ತಿಂಗಳಿಂದ ಐದು ವರ್ಷದ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಜ್ವರದ ಫಿಟ್ಸ್ ಬರುತ್ತದೆ. ಮೈ ಒರೆಸುವುದರಿಂದಾಗಲಿ, ಜ್ವರದ ಔಷಧಿಯಿಂದಾಗಲಿ ಅದನ್ನು ತಡೆಯಲು ಆಗುವುದಿಲ್ಲ. ಹಾಗಾಗಿ ಫಿಟ್ಸ್ ಬಂದ ಮಗುವಿನ ತಾಯಿಗೆ "ನೀನು ಸರಿಯಾಗಿ ಒರೆಸಲಿಲ್ಲ" ಅಂತ ಯಾರೂ ಹೇಳಬೇಡಿ, ದಯವಿಟ್ಟು. ಆ ಮಾತು ಕೇಳಿ ಕಾರಿಡಾರಿನಲ್ಲಿ ಕೂತು ಅಳುವ ತಾಯಂದಿರನ್ನು ನಾನು ಬಹಳ ನೋಡಿದ್ದೇನೆ.

ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು, ಔಷಧಿ ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಬೇಡ. ಐದು ನಿಮಿಷಕ್ಕೆ ನಿಲ್ಲದಿದ್ದರೆ 108. ನಿಂತರೂ, ಮೊದಲ ಸಲವಾದರೆ ಆಸ್ಪತ್ರೆಗೆ ಹೋಗಲೇಬೇಕು.

ಬಿಸಿಲ ಹೊಡೆತ ಬೇರೆ, ಜ್ವರ ಬೇರೆ

ಇಷ್ಟು ಹೊತ್ತು ತಣ್ಣೀರು ಬೇಡ ಅಂದೆನಲ್ಲ, ಒಂದು ಕಡೆ ಮಾತ್ರ ಅದು ಪೂರ್ತಿ ಉಲ್ಟಾ. ಕಲಬುರಗಿ, ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಆಡಿ ಬಂದ ಮಗು, ಅಥವಾ ಮುಚ್ಚಿದ ಕಾರಿನಲ್ಲಿ ಉಳಿದುಹೋದ ಮಗು, ಮೈ 104ರ ಮೇಲೆ ಸುಡುತ್ತಾ, ತೊದಲುತ್ತಾ, ಎಚ್ಚರ ತಪ್ಪುತ್ತಿದ್ದರೆ ಅದು ಜ್ವರವಲ್ಲ. ಇಲ್ಲಿ ಮೆದುಳು ಶಾಖ ಏರಿಸಿಲ್ಲ, ಹೊರಗಿನ ಬಿಸಿ ಒಳಗೆ ನುಗ್ಗಿದೆ. ಪ್ಯಾರಸಿಟಮಾಲ್ ಕೆಲಸ ಮಾಡುವುದಿಲ್ಲ. 108ಕ್ಕೆ ಫೋನ್ ಮಾಡಿ, ಅದು ಬರುವ ತನಕ ನೆರಳಿಗೆ ತಂದು ಬಟ್ಟೆ ಬಿಚ್ಚಿ ತಣ್ಣೀರನ್ನೇ ಧಾರಾಳವಾಗಿ ಸುರಿಯಿರಿ, ಬೀಸಿ, ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಇಲ್ಲಿ ಒಂದೊಂದು ನಿಮಿಷವೂ ಬೆಲೆಯುಳ್ಳದ್ದು.

ಮನೆಯಲ್ಲಿ ಉಪಾಯ ಹುಡುಕದೆ ಹೊರಡಬೇಕಾದ್ದು ಯಾವಾಗ?

ಮೂರು ತಿಂಗಳೊಳಗಿನ ಕೂಸಿಗೆ 100.4 ಮುಟ್ಟಿದರೆ ಸಾಕು, ಸೀದಾ ಆಸ್ಪತ್ರೆ. ಒರೆಸುವುದೂ ಬೇಡ, ಕೇಳದೆ ಔಷಧಿಯೂ ಬೇಡ. ದೊಡ್ಡ ಮಕ್ಕಳಲ್ಲಿ ಉಸಿರು ಎಳೆಯುವಾಗ ಪಕ್ಕೆ ಒಳಗೆ ಹೋದರೆ, ಕುಡಿದದ್ದೆಲ್ಲ ವಾಂತಿಯಾದರೆ, ಆರೆಂಟು ಗಂಟೆ ಮೂತ್ರವೇ ಹೋಗದಿದ್ದರೆ, ಕುತ್ತಿಗೆ ಬಿಗಿದರೆ, ಒತ್ತಿದರೂ ಮಾಯವಾಗದ ಕೆಂಪು ಚುಕ್ಕೆ ಎದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಮೂರು ದಿನ ದಾಟಿದರೂ ಜ್ವರ ಬಿಡದಿದ್ದರೆ ಕಾಯಬೇಡಿ.

ಡೆಂಗಿಯಲ್ಲಿ ಇನ್ನೂ ಒಂದು ಮೋಸವಿದೆ. ಮೂರನೇ ದಿನದಿಂದ ಏಳನೇ ದಿನದೊಳಗೆ ಜ್ವರ ತಾನಾಗಿ ಇಳಿಯುತ್ತದೆ, ಮನೆಯವರು ಉಸ್ಸಪ್ಪಾ ಅನ್ನುತ್ತಾರೆ, ಅಪಾಯ ಶುರುವಾಗುವುದು ಆಗಲೇ. ಜ್ವರ ಬಿಟ್ಟ ಮಗುವಿಗೆ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಲ್ಲಿ ರಕ್ತ, ತಣ್ಣಗಾದ ಕೈಕಾಲು, ವಿಪರೀತ ಸುಸ್ತು ಕಂಡರೆ ಮೈ ತಣ್ಣಗಿದೆಯಲ್ಲ ಅಂತ ಸುಮ್ನೆ ಇರಬೇಡಿ, ರಾತ್ರಿಯಾದರೂ ಸರಿ ಹೊರಡಿ.

ಹೊರಡುವಾಗ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಜ್ವರ ಶುರುವಾದ ದಿನ, ಕೊನೆಯ ಸಲ ಯಾವ ಔಷಧಿ ಎಷ್ಟು ಎಂಎಲ್ ಎಷ್ಟು ಗಂಟೆಗೆ ಕೊಟ್ಟಿರಿ, ಕೊನೆಯ ಸಲ ಮೂತ್ರ ಹೋದದ್ದು ಯಾವಾಗ. ಔಷಧಿ ಬಾಟಲಿಯನ್ನೂ ತನ್ನಿ. ರಾತ್ರಿ ಎರಡು ಗಂಟೆಗೆ ಬಾಗಿಲಲ್ಲಿ ನಿಂತವರ ಕೈಯಲ್ಲಿ ಆ ಚೀಟಿ ಇದ್ದರೆ ನಮಗೆ ಹತ್ತು ನಿಮಿಷ ಉಳಿಯುತ್ತದೆ, ಆ ಹತ್ತು ನಿಮಿಷ ಮಗುವಿಗೆ ಸಿಗುತ್ತದೆ.